ಎಲ್ಲ ಸೇರಿ ಎಷ್ಟು?

ನಮ್ಮತ್ತೆಗೊಂದು ಅಭ್ಯಾಸ ಇದೆ. ಹೋಟೆಲಿನಲ್ಲಿ ತಟ್ಟೆ ಮುಂದೆ ಬಂದರೆ ಕೈ ಹಾಕೋ ಮೊದಲು "ಇದಕ್ಕೆಷ್ಟು?" ಅಂತ ಕೇಳಬೇಕು. ರೇಟು ಅವರ ಅಂದಾಜು ದಾಟಿದರೆ ದೋಸೆ ಅರ್ಧಕ್ಕೆ ನಿಲ್ಲುತ್ತೆ. ಉಳಿದರ್ಧ ಮಗನ ತಟ್ಟೆಗೆ. "ನಂಗೆ ಹಸಿವಿಲ್ಲ ಕಣಪ್ಪ, ನೀನೇ ತಿನ್ನು." ವಯಸ್ಸು 76, ಒಂದು ಮಂಡಿ ಬದಲಾಯಿಸಿದೆ, ಮದ್ದೂರಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಇಂಥವರನ್ನು ಮಾಲ್ಡೀವ್ಸಿಗೆ ಕರಕೊಂಡು ಹೋಗೋದು ಅಂತ 2024ರ ದೀಪಾವಳಿಯಲ್ಲಿ ತೀರ್ಮಾನ ಆಯಿತು.

ಕಾರಣ ನಮ್ಮ ಮದುವೆಯ ಇಪ್ಪತ್ತೈದನೇ ವರ್ಷ. ಪುಣೆಯಲ್ಲಿರೋ ಮಗಳು "ನೀವಿಬ್ಬರೇ ಎಲ್ಲಾದ್ರೂ ದ್ವೀಪಕ್ಕೆ ಹೋಗಿಬನ್ನಿ" ಅಂದಳು. ನಮ್ಮನೆಯವರು ಎರಡು ದಿನ ಸುಮ್ಮನಿದ್ದು ಮೂರನೇ ದಿನ ಕಾಫಿ ಕುಡೀತಾ "ಅಮ್ಮನ್ನ ಒಬ್ಬಳನ್ನೇ ಬಿಟ್ಟು ಹೆಂಗೆ?" ಅಂದರು. ನಂಗೆ ಗೊತ್ತಿತ್ತು, ಈ ಮಾತು ಬರುತ್ತೆ ಅಂತ. ಬೇಜಾರೇನೂ ಆಗಲಿಲ್ಲ. ನಿಜ ಹೇಳಬೇಕಂದರೆ ನಮ್ಮತ್ತೆ ಜೊತೆಗಿದ್ದರೆ ಮಾತಾಡೋಕೆ ಜನ ಇರುತ್ತೆ. ನಮ್ಮನೆಯವರು ಸಮುದ್ರ ಕಂಡರೆ ಇನ್ನೂ ಮೌನ.

ಅಂಡಮಾನ್ ನೋಡಿಯಾಗಿತ್ತು. ಲಕ್ಷದ್ವೀಪ ನಮ್ಮನೆಯವರ ಆಸೆ, ಆದರೆ ಅಲ್ಲಿಗೆ ಹೋಗೋಕೆ ಪರ್ಮಿಟ್ ಬೇಕು, ಹಡಗು ಹತ್ತಿ ಇಳಿಯೋದು ಅತ್ತೆಯ ಮಂಡಿಗೆ ಆಗದ ಮಾತು. ಮಾಲ್ಡೀವ್ಸ್ ಅಂದರೆ ಬೆಂಗಳೂರಿನಿಂದ ನೇರ ವಿಮಾನ, ಎರಡು ಗಂಟೆ ಚಿಲ್ಲರೆ. ನಮ್ಮ ಮೈಸೂರಿನ ಮನೆಯಿಂದ ಬೆಂಗಳೂರು ಏರ್‌ಪೋರ್ಟಿಗೆ ಹೋಗೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ನಾನು ಬ್ಯಾಂಕಿನಲ್ಲಿ 29 ವರ್ಷ ಇದ್ದೆ, ಕೊನೆಯ 11 ವರ್ಷ ಇನ್‌ಸ್ಪೆಕ್ಷನ್ನಿನಲ್ಲಿ. ಬ್ರಾಂಚ್ ಬ್ರಾಂಚ್ ಸುತ್ತಿ ಸಾಲದ ಫೈಲು ತೆಗೆದು, ಸ್ಯಾಂಕ್ಷನ್ ಲೆಟರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರೋದನ್ನ ಓದೋದೇ ಕೆಲಸ. ಹಾಗಾಗಿ ಒಬ್ಬ ಟ್ರಾವೆಲ್ ಏಜೆಂಟು "ಮೇಡಂ, ಎಐ ಪ್ಲಾನ್ ತಗೊಂಡುಬಿಡಿ, ಎಲ್ಲ ಸೇರಿ, ನೀವು ಪರ್ಸ್ ಮುಟ್ಟೋದೇ ಬೇಡ" ಅಂದಾಗ ನನ್ನ ಹಳೇ ಬುದ್ಧಿ ಎದ್ದು ಕೂತಿತು. ನಮ್ಮನೆಯವರು "ಅಡುಗೇನೂ ಕಂಪ್ಯೂಟರೇ ಮಾಡುತ್ತಾ?" ಅಂತ ಕೇಳಿದರು. ಅಲ್ಲ. ಅಲ್ಲಿ ಬಿಬಿ ಅಂದರೆ ತಿಂಡಿ ಮಾತ್ರ, ಎಚ್‌ಬಿ ಅಂದರೆ ತಿಂಡಿ ಮತ್ತು ರಾತ್ರಿ ಊಟ, ಎಫ್‌ಬಿ ಅಂದರೆ ಮೂರು ಹೊತ್ತು, ಎಐ ಅಂದರೆ ಆಲ್ ಇನ್‌ಕ್ಲೂಸಿವ್. ಅದರ ಮೇಲೆ ಪ್ರೀಮಿಯಂ ಎಐ ಅಂತ ಬೇರೆ ಇದೆ. ಎಲ್ಲ ಸೇರಿದ ಮೇಲೂ ಇನ್ನೊಂದಿಷ್ಟು ಸೇರೋದು ಹೇಗೆ ಅಂತ ಕೇಳಬಾರದು.

ಏಜೆಂಟು ಕಳಿಸಿದ ಮೊದಲ ಕೊಟೇಶನ್ನಿನಲ್ಲಿ ರಾತ್ರಿಗೆ 700 ಡಾಲರ್ ಅಂತ ಇತ್ತು, ಪಕ್ಕದಲ್ಲಿ ಎರಡು ಪ್ಲಸ್ ಚಿಹ್ನೆ. ನಾನು ಟೈಪಿಂಗ್ ತಪ್ಪು ಅಂದುಕೊಂಡೆ. ತಪ್ಪಲ್ಲ, ಅದೇ ಮುಖ್ಯ. ಮೊದಲ ಪ್ಲಸ್ ಶೇ 10 ಸರ್ವಿಸ್ ಚಾರ್ಜು. ಎರಡನೆಯದು ಮಾಲ್ಡೀವ್ಸಿನ ಪ್ರವಾಸಿ ಜಿಎಸ್‌ಟಿ, ನಾವು ಹೋದಾಗ ಶೇ 16, 2025ರ ಜುಲೈಯಿಂದ ಶೇ 17 ಆಗಿದೆ. ಆ ಶೇ 16 ಬೀಳೋದು 700ರ ಮೇಲಲ್ಲ, ಸರ್ವಿಸ್ ಚಾರ್ಜೂ ಸೇರಿಸಿದ 770ರ ಮೇಲೆ. ಅಂದರೆ 893 ಡಾಲರ್. ಸಾಲಕ್ಕೆ ಚಕ್ರಬಡ್ಡಿ ಹಾಕ್ತಿದ್ದವಳಿಗೆ ಚಕ್ರತೆರಿಗೆ ನೋಡಿ ಒಂಥರಾ ಗೌರವ ಬಂತು. ಇದರ ಹೊರಗೆ ಗ್ರೀನ್ ಟ್ಯಾಕ್ಸು: ಒಬ್ಬರಿಗೆ ದಿನಕ್ಕೆ 12 ಡಾಲರ್. ಅದು 2024ರವರೆಗೆ 6 ಇತ್ತು, ನಮ್ಮ ಅದೃಷ್ಟಕ್ಕೆ 2025ರ ಜನವರಿ 1ಕ್ಕೇ ದುಪ್ಪಟ್ಟಾಯಿತು. ಮೂವರಿಗೆ ನಾಲ್ಕು ರಾತ್ರಿಗೆ 144 ಡಾಲರ್.

"ಹಸಿರಿಗೂ ತೆರಿಗೇನಾ?" ಅಂದರು ಅತ್ತೆ.

"ಹೂಂ ಅತ್ತೆ. ಅದನ್ನೂ ಸೇರಿಸಿ ಮುಂಚೆನೇ ಕಟ್ಟಿಬಿಡ್ತೀನಿ. ಅಲ್ಲಿ ಹೋಗಿ ಏನೂ ಕಟ್ಟೋದಿಲ್ಲ."

ಈ ಮಾತನ್ನ ನಾನು ಆಡಬಾರದಿತ್ತು.

ಆ ಕೊಟೇಶನ್ನಿನಲ್ಲಿ ಇನ್ನೊಂದು ತಮಾಷೆ ಇತ್ತು. "ಎಲ್ಲ ಸೇರಿ" ಅಂದ ಏಜೆಂಟು ಏರ್‌ಪೋರ್ಟಿನಿಂದ ದ್ವೀಪಕ್ಕೆ ಹೋಗೋ ಖರ್ಚು ಸೇರಿಸಿರಲಿಲ್ಲ. ಮಾಲ್ಡೀವ್ಸಿನಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು. 1972ರಲ್ಲಿ ಕುರುಂಬಾ ಅನ್ನೋ ಮೊದಲ ರೆಸಾರ್ಟು ಶುರುವಾದಾಗಿಂದ ಬಹುತೇಕ ಅದೇ ಪದ್ಧತಿ. ವಿಮಾನ ಇಳಿಯೋದು ರಾಜಧಾನಿ ಮಾಲೆಯ ಪಕ್ಕದ ಹುಲುಲೆ ಅನ್ನೋ ದ್ವೀಪದಲ್ಲಿ. ಅಲ್ಲಿಂದ ನಮ್ಮ ರೆಸಾರ್ಟಿಗೆ ಆಟೋ ಸಿಗೋದಿಲ್ಲ, ಈಜೋಕೂ ಆಗೋದಿಲ್ಲ. ಅವರು ಹೇಳಿದ ದೋಣಿ, ಅವರು ಹೇಳಿದ ರೇಟು. ದೂರದ ದ್ವೀಪಗಳಿಗೆ ಸೀಪ್ಲೇನ್. ನಮಗೆ ಬಂದ ಕೊಟೇಶನ್‌ಗಳಲ್ಲಿ ಅದಕ್ಕೆ ತಲೆಗೆ ಹೋಗಿಬರೋದು 400ರಿಂದ 600 ಡಾಲರ್ ಇತ್ತು. ಮೂವರಿಗೆ ಲೆಕ್ಕ ಹಾಕಿ.

ಸೀಪ್ಲೇನ್ ಬಗ್ಗೆ ನಂಗೆ ಆಸೆ ಇತ್ತು, ಸುಳ್ಳು ಹೇಳೋದಿಲ್ಲ. ನೀರಿನ ಮೇಲೆ ಇಳಿಯೋ ಪುಟ್ಟ ಟ್ವಿನ್ ಆಟರ್ ವಿಮಾನ, ಬರಿಗಾಲಲ್ಲಿ ಓಡಿಸೋ ಪೈಲಟ್ಟು. ಆದರೆ ಅದು ಕತ್ತಲಾದ ಮೇಲೆ ಹಾರೋದಿಲ್ಲ. ಮಧ್ಯಾಹ್ನ ಮೂರು ಮೂರೂವರೆ ಮೇಲೆ ಮಾಲೆ ತಲುಪೋರು ಆ ರಾತ್ರಿ ಅಲ್ಲೇ ಬೇರೆ ಹೋಟೆಲು ಹುಡುಕಬೇಕು, ದ್ವೀಪದ ರೂಮಿಗೆ ಕೊಟ್ಟ ದುಡ್ಡು ಒಂದು ರಾತ್ರಿದು ನೀರಿಗೆ. ಸಾಮಾನು 20 ಕೆಜಿ ಮಾತ್ರ. ತೇಲೋ ಅಟ್ಟಣಿಗೆಯಿಂದ ಏಣಿಯಂಥ ಮೆಟ್ಟಿಲು ಹತ್ತಬೇಕು. ಆ ವಿಡಿಯೋ ಅತ್ತೆಗೆ ತೋರಿಸಿದೆ. ಅವರು ತಮ್ಮ ಮಂಡಿ ನೋಡಿಕೊಂಡರು, ನನ್ನ ನೋಡಿದರು. ಅಲ್ಲಿಗೆ ಮುಗೀತು. ಸ್ಪೀಡ್‌ಬೋಟಿನಲ್ಲಿ 40 ನಿಮಿಷದೊಳಗೆ ಸಿಗೋ ದ್ವೀಪ ಮಾತ್ರ ನೋಡೋದು ಅಂತ ಗೆರೆ ಎಳೆದೆ. ಇದರಿಂದ ಪಟ್ಟಿ ಮೂರರಲ್ಲಿ ಒಂದು ಪಾಲಿಗೆ ಇಳೀತು. ಜಾತ್ರೆಯಂತೆ ಮಾಂಟಾ ಮೀನು ಸೇರೋ ಬಾ ಅಟಾಲ್ ಅನ್ನೋ ದ್ವೀಪಗಳ ಗುಂಪು ಆಗಲೇ ಪಟ್ಟಿಯಿಂದ ಹೋಯಿತು. ಹೇಗೂ ಅವು ಬರೋದು ಮೇಯಿಂದ ನವೆಂಬರ್, ನಾವು ಹೋಗೋದು ಫೆಬ್ರವರಿ. ಅಲ್ಲಿಯವರು ಇರುವೈ ಅನ್ನೋ ಈಶಾನ್ಯ ಗಾಳಿಯ ಕಾಲ, ಬಿಸಿಲು ಜಾಸ್ತಿ, ಸಮುದ್ರ ಶಾಂತ, ರೇಟು ಅಶಾಂತ.

ಫೋಟೋಗಳನ್ನ ನಾನು ನಂಬೋದಿಲ್ಲ. ಎಲ್ಲ ರೆಸಾರ್ಟಿಗೂ ಒಂದೇ ನೀಲಿ, ಒಂದೇ ಜೋಕಾಲಿ, ಬಿಳಿ ಉಡುಪಿನ ಅದೇ ಹುಡುಗಿ ಬೆನ್ನು ತೋರಿಸಿ ನಿಂತಿರ್ತಾಳೆ. ನಾನು ಮಾಡಿದ್ದು, ಪ್ರತಿ ದ್ವೀಪವನ್ನೂ ಉಪಗ್ರಹ ನಕ್ಷೆಯಲ್ಲಿ ತೆಗೆದು ದೊಡ್ಡದು ಮಾಡಿ ನೋಡಿದ್ದು. ಬ್ರೋಷರಿನವರು ಹೇಳದ ಎಷ್ಟೋ ಸಂಗತಿ ಅಲ್ಲಿ ಕಾಣುತ್ತೆ. ದ್ವೀಪದ ಸುತ್ತ ತಿಳಿ ನೀಲಿ ಅಗಲವಾಗಿದ್ದರೆ ಅದು ಲಗೂನು, ಸೊಂಟದ ಮಟ್ಟದ ನೀರು, ಈಜು ಬಾರದವರಿಗೆ ಸುಖ. ದಡದ ಹತ್ತಿರವೇ ಕಡು ಬಣ್ಣದ ಗೆರೆ ಕಂಡರೆ ಅಲ್ಲಿ ಹವಳದ ದಿಬ್ಬ, ಅದರಾಚೆ ಆಳ. ಮೀನು ನೋಡೋರಿಗೆ ಅದು ಸ್ವರ್ಗ, ದೋಣಿ ಹತ್ತದೇ ದಡದಿಂದಲೇ ಇಳಿಯಬಹುದು. ಅಂಚು ಸ್ಕೇಲಿಟ್ಟು ಎಳೆದ ಹಾಗೆ ನೇರವಾಗಿದ್ದರೆ ಮರಳು ತುಂಬಿ ಮಾಡಿದ ದ್ವೀಪ, ಮರಗಳೂ ಎಳೆಯವು, ನೆರಳು ಕಡಿಮೆ. ನಾನು ಹೆಚ್ಚು ಕಮ್ಮಿ ಗೊತ್ತು ಮಾಡಿದ್ದ ಒಂದು ರೆಸಾರ್ಟಿನ ಎದುರುಗಡೆ ದ್ವೀಪದಲ್ಲಿ ಕ್ರೇನುಗಳು ಸಾಲಾಗಿ ನಿಂತಿದ್ದವು. ಸೂರ್ಯಾಸ್ತದ ವಿಲ್ಲಾ ಅಂತ ಹೆಚ್ಚು ದುಡ್ಡು ಕೇಳ್ತಿದ್ದದ್ದು ಅದೇ ದಿಕ್ಕಿಗೆ.

ನಮ್ಮಲ್ಲಿ ಈಜು ಬರೋದು ನಮ್ಮನೆಯವರಿಗೊಬ್ಬರಿಗೆ, ಅದೂ ಕೆರೆ ಈಜು. ಅಗಲದ ಲಗೂನು ಇರೋದೇ ಬೇಕಿತ್ತು.

ನೀರಿನ ಮೇಲಿನ ವಿಲ್ಲಾ ಬೇಡ ಅಂತ ನಾನೇ ಅಂದೆ. ಮಾಲ್ಡೀವ್ಸ್ ಅಂದರೆ ಜನರ ಕಣ್ಣಿಗೆ ಬರೋದೇ ಅದು, ಗೊತ್ತು. ಆದರೆ ಅದು ಮರದ ಸೇತುವೆಯ ಕೊನೆಯಲ್ಲಿರುತ್ತೆ, ಊಟಕ್ಕೆ ಬಂದು ಹೋಗೋಕೆ ಬಗ್ಗಿ ಗಾಡಿ ಕರೀಬೇಕು, ರಾತ್ರಿ ಎದ್ದು ಬಾಗಿಲು ತೆಗೆದರೆ ಮೂರು ಮೆಟ್ಟಿಲು ಕೆಳಗೆ ಸಮುದ್ರ. ಬೀಚ್ ವಿಲ್ಲಾ ತಗೊಂಡೆವು, ಒಂದು ಎಕ್ಸ್ಟ್ರಾ ಬೆಡ್ಡು. ಎರಡು ರೂಮಿನ ವಿಲ್ಲಾ ಕೇಳಿದರೆ ಬೆಲೆ ಎರಡರಷ್ಟಲ್ಲ, ಅದಕ್ಕೂ ಮೀರಿತ್ತು. ಪಕ್ಕದ ರೂಮು ಮಾಡೋಣ ಅಂದರೆ "ಸಮುದ್ರದ ಪಕ್ಕ ನಾನೊಬ್ಬಳೇ ಮಲಗ್ತೀನಾ?" ಅಂದರು ಅತ್ತೆ. ಬೆಳ್ಳಿಹಬ್ಬ ಹೀಗೆ.

ಇನ್ನು ಆಲ್ ಇನ್‌ಕ್ಲೂಸಿವಿನ ವಿಷಯ. ಐದು ರೆಸಾರ್ಟಿಗೆ ಒಂದೇ ಮೇಲ್ ಕಳಿಸಿದೆ, ಹದಿನಾಲ್ಕು ಪ್ರಶ್ನೆ. ಎರಡು ಕಡೆಯಿಂದ "ಸ್ವರ್ಗಕ್ಕೆ ಸ್ವಾಗತ" ಅನ್ನೋ ಪಿಡಿಎಫ್ ಬಂತು. ಒಂದು ಕಡೆಯಿಂದ ಏನೂ ಬರಲಿಲ್ಲ. ಒಬ್ಬರು "ಆಲ್ಮೋಸ್ಟ್ ಎವೆರಿಥಿಂಗ್" ಅಂತ ಬರೆದರು. ಆ 'ಆಲ್ಮೋಸ್ಟ್' ಎಂಥದ್ದು ಅಂತ ನಾನು ಎಷ್ಟೋ ಬ್ರಾಂಚ್ ಮ್ಯಾನೇಜರುಗಳ ಬಾಯಲ್ಲಿ ಕೇಳಿದ್ದೀನಿ. ಐದನೆಯವರು ಹದಿನಾಲ್ಕಕ್ಕೂ ನಂಬರ್ ಹಾಕಿ ಉತ್ತರ ಬರೆದಿದ್ದರು, ಮೂರಕ್ಕೆ "ಇಲ್ಲ, ಸೇರಿಲ್ಲ" ಅಂತ ನೇರವಾಗಿ. ಅವರನ್ನೇ ಹಿಡಿದೆ.

ಆ ಉತ್ತರದಿಂದ ಗೊತ್ತಾದದ್ದು: ಕುಡಿಯೋದು ಬೆಳಗ್ಗೆ ಹತ್ತರಿಂದ ರಾತ್ರಿ ಹನ್ನೆರಡರವರೆಗೆ ಮಾತ್ರ ಪುಕ್ಕಟೆ. ವೈನು ಗ್ಲಾಸಿನಲ್ಲಾದರೆ ಸೇರಿದೆ, ಬಾಟ್ಲಿಗೆ ದುಡ್ಡು. ಊಟ ಬಫೆ ಇರೋ ಒಂದೇ ಹೋಟೆಲಿನಲ್ಲಿ. ಉಳಿದೆರಡರಲ್ಲಿ ಒಂದಕ್ಕೆ ನಾಲ್ಕು ರಾತ್ರಿಗೆ ಒಂದು ಸಲ ಬಿಡ್ತಾರೆ, ಜಪಾನಿ ಅಡುಗೆಯವನದ್ದಕ್ಕೆ ಪೂರ್ತಿ ಬಿಲ್ಲು. ಮಿನಿಬಾರು ದಿನಕ್ಕೊಂದೇ ಸಲ ತುಂಬೋದು. ಹುಟ್ಟು ಹಾಕೋ ಕಯಾಕು ಪುಕ್ಕಟೆ, ಮೋಟಾರಿದ್ದರೆ ಕಾಸು. ತಾಜಾ ಹಣ್ಣಿನ ರಸ ಇಲ್ಲ, ಡಬ್ಬಿ ರಸ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡೋ ದಿನ ಮಧ್ಯಾಹ್ನ ಹನ್ನೆರಡಕ್ಕೆ ಪ್ಲಾನು ಮುಗಿಯುತ್ತೆ. ರಾತ್ರಿ ವಿಮಾನ ಹಿಡಿಯೋರು ಮಧ್ಯಾಹ್ನದ ಊಟ, ಸಂಜೆ ಕಾಫಿ ಎಲ್ಲ ಕೈಯಿಂದ. ಡಿಸೆಂಬರ್ ಕೊನೆ ವಾರವಾಗಿದ್ದರೆ ಗಾಲಾ ಡಿನ್ನರ್ ಅಂತ ಕಡ್ಡಾಯದ ಇನ್ನೊಂದು ಬಿಲ್ಲು ಬರ್ತಿತ್ತು.

ಲೆಕ್ಕಕ್ಕೆ ಕೂತೆ. ಮೂರು ಹೊತ್ತಿನ ಊಟದ ಎಫ್‌ಬಿಗೂ ಎಐಗೂ ವ್ಯತ್ಯಾಸ ಒಬ್ಬರಿಗೆ ರಾತ್ರಿಗೆ 85 ಡಾಲರ್, ತೆರಿಗೆ ಸೇರಿ. ಮೂವರಿಗೆ ನಾಲ್ಕು ರಾತ್ರಿ: 1,020. ಈಗ ನಾವು ಅಷ್ಟು ಕುಡೀತೀವಾ? ನಮ್ಮನೆಯವರು ವರ್ಷಕ್ಕೆ ನಾಲ್ಕು ಬಿಯರಿನ ಗಿರಾಕಿ, ಆ ನಾಲ್ಕೂ ಅಲ್ಲೇ ಕುಡಿದರು ಅಂತಿಟ್ಟುಕೊಳ್ಳಿ: 40 ಡಾಲರ್. ಮೂವರಿಗೆ ದಿನಕ್ಕೆರಡು ಕಾಫಿ: 144. ಒಂದೊಂದು ಜ್ಯೂಸು: 108. ನೀರಿನ ಬಾಟಲಿ: 80. ಎರಡೂ ಪ್ಲಸ್ಸು ಹಾಕಿದರೂ 475 ದಾಟಲಿಲ್ಲ. ಅಂದರೆ ಎಐ ತಗೊಂಡರೆ 545 ಡಾಲರ್ ನಷ್ಟ, ಆಗಿನ ರೇಟಿನಲ್ಲಿ 47 ಸಾವಿರ ರೂಪಾಯಿ. ಮದ್ಯ ಅಷ್ಟಾಗಿ ಮುಟ್ಟದ, ಮೀನು ತಿನ್ನದ ಮನೆಗೆ ಆಲ್ ಇನ್‌ಕ್ಲೂಸಿವ್ ಅಂದರೆ ಪಕ್ಕದ ವಿಲ್ಲಾದವರ ವಿಸ್ಕಿಗೆ ವಂತಿಗೆ ಕೊಟ್ಟ ಹಾಗೆ. ನಿಮ್ಮದೂ ಅಂಥ ಮನೆಯಾದರೆ ಎಫ್‌ಬಿ ತಗೊಳ್ಳಿ, ಊಟದ ಜೊತೆ ನೀರು ಸೇರಿದೆಯಾ ಅಂತ ಮಾತ್ರ ಕೇಳಿ.

ಇಷ್ಟೆಲ್ಲ ಬರೆದು, ಕೆಳಗೆ ಗೆರೆ ಎಳೆದು, ನಾನು ಎಐ ಬುಕ್ ಮಾಡಿದೆ.

ಕಾರಣ ಆ ದೋಸೆ. ಆರು ಡಾಲರಿನ ಕಾಫಿ ಅಂತ ಗೊತ್ತಾದರೆ ನಮ್ಮತ್ತೆ ನಾಲ್ಕು ದಿನ ಕಾಫಿ ಬಿಡ್ತಾರೆ, ತಲೆನೋವು ಬರುತ್ತೆ, "ನಂಗೇನಾಗಿಲ್ಲ" ಅಂತ ಮಲಗ್ತಾರೆ. ಅವರ ಮಗ ಅಮ್ಮನ ಮುಖ ನೋಡಿ ತಾನೂ ಬಿಡ್ತಾರೆ. ಆಮೇಲೆ ಅಷ್ಟು ದೂರ ಹೋಗಿ ನಾನೊಬ್ಬಳೇ ಕಾಫಿ ಕುಡೀಬೇಕಾ? "ಇದಕ್ಕೆಷ್ಟು?" ಅಂದಾಗ "ಕಟ್ಟಾಗಿದೆ ಅತ್ತೆ" ಅನ್ನೋಕೆ 47 ಸಾವಿರ. ನನ್ನ ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ ಇಂಥ ಖರ್ಚು ಕಂಡಿದ್ದರೆ ನಾನೇ ವಿವರಣೆ ಕೇಳ್ತಿದ್ದೆ.

ಹೊರಡೋ ಹಿಂದಿನ ದಿನ ಇನ್ನೊಂದು ಸಮಸ್ಯೆ. ಮಾಲ್ಡೀವ್ಸಿಗೆ ಮದ್ಯ, ಹಂದಿಮಾಂಸದ ಜೊತೆಗೆ ಪೂಜೆಯ ವಿಗ್ರಹಗಳನ್ನೂ ಒಯ್ಯೋ ಹಾಗಿಲ್ಲ. ಅತ್ತೆ ಎಲ್ಲಿಗೆ ಹೋದರೂ ಹೆಬ್ಬೆರಳ ಗಾತ್ರದ ಬೆಳ್ಳಿ ಗಣಪ ಸೆರಗಿನ ಪರ್ಸಿನಲ್ಲಿರ್ತಾನೆ. ಹೇಗೆ ಹೇಳೋದು ಅಂತ ನಾನು ಒದ್ದಾಡ್ತಿದ್ದರೆ ಅವರು "ಅವರ ಊರು, ಅವರ ಕಾನೂನು. ಸೂರ್ಯ ಅಲ್ಲೂ ಹುಟ್ತಾನಲ್ಲ" ಅಂದು ಗಣಪನ್ನ ಪಕ್ಕದ ಮನೆಯವರಿಗೆ ಒಪ್ಪಿಸಿದರು, ದಿನಾ ಒಂದು ಹೂವು ಇಡೋಕೆ ಹೇಳಿ.

ದ್ವೀಪದ ಬಗ್ಗೆ ಉದ್ದಕ್ಕೆ ಬರೆಯೋಲ್ಲ, ನೀಲಿ ಅಂದರೆ ನೀಲಿ. ಗಡಿಯಾರದ ಗೊಂದಲ ಒಂದಿತ್ತು: ಮಾಲೆ ನಮಗಿಂತ ಅರ್ಧ ಗಂಟೆ ಹಿಂದೆ, ರೆಸಾರ್ಟು ತನ್ನದೇ ಲೆಕ್ಕದಲ್ಲಿ ಮಾಲೆಗಿಂತ ಒಂದು ಗಂಟೆ ಮುಂದೆ. ಅತ್ತೆ ವಾಚು ಬಿಚ್ಚಿಟ್ಟುಬಿಟ್ಟರು. ಬಚ್ಚಲಿಗೆ ಮೇಲೆ ಸೂರಿರಲಿಲ್ಲ, ಸುತ್ತ ಎತ್ತರದ ಗೋಡೆ, ಮೇಲೆ ಆಕಾಶ, ಮೂಲೆಯಲ್ಲೊಂದು ಬಾಳೆಗಿಡ. ನಾನು ಅವರು ಬೇಡ ಅಂತಾರೆ ಅಂದುಕೊಂಡರೆ ಒಳಗೆ ಹೋದವರು ಮುಕ್ಕಾಲು ಗಂಟೆ ಬರಲಿಲ್ಲ. ಹೊರಗೆ ಬಂದು ಕೂದಲು ಕೊಡವುತ್ತಾ, "ನಮ್ಮಪ್ಪನ ಮನೇಲಿ ಹಿತ್ತಲಲ್ಲಿ ತಡಿಕೆ ಕಟ್ಟಿದ್ರು, ಹಿಂಗೇ ಮೀತಿದ್ವಿ. ಮೇಲೆ ಕಾಗೆ ಹಾರ್ತಿದ್ವು. ಇದಕ್ಕೆ ಇಷ್ಟು ದುಡ್ಡು ಈಸ್ಕೊಳ್ತಾರಾ?" ಅಂದರು.

ತಿಂಡಿ ಹೊತ್ತಿನಲ್ಲಿ ಒಂದು ಗಂಡಾಂತರ ತಪ್ಪಿತು. ಬಫೆಯಲ್ಲಿ ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಕಲೆಸಿದ್ದೊಂದು ಇತ್ತು, ಥೇಟ್ ಕೋಸಂಬರಿ. ಪಕ್ಕದಲ್ಲಿ ಚಪಾತಿಯಂಥ ರೋಶಿ. ಅತ್ತೆ ಎರಡು ಚಮಚ ಹಾಕಿಕೊಂಡಿದ್ದರು. ಆಚೆಯಿಂದ ಒಬ್ಬ ಹುಡುಗ ಓಡಿ ಬಂದ. "ಅಮ್ಮಾ, ಅದ್ ಬ್ಯಾಡ, ಅದ್ರಂಗೆ ಮೀನ್ ಇತ್ತ್ ಕಾಣಿ!" ಅದು ಮಾಸ್ ಹುನಿ, ಟ್ಯೂನಾ ಮೀನಿನ ತಿಂಡಿ, ಅಲ್ಲಿಯವರಿಗೆ ನಮ್ಮ ಉಪ್ಪಿಟ್ಟಿದ್ದಂತೆ. ಹುಡುಗ ಕುಂದಾಪುರದವನು. ಆವತ್ತಿಂದ ಅತ್ತೆಗೆ ಆ ದ್ವೀಪದಲ್ಲಿ ಒಬ್ಬ ಮೊಮ್ಮಗ. ಅಡುಗೆಮನೆಗೆ ಹೇಳಿ ಅನ್ನ, ತಿಳಿಸಾರು ಮಾಡಿಸಿಕೊಡ್ತಿದ್ದ. ಈರುಳ್ಳಿ, ಆಲೂಗಡ್ಡೆ, ಅಕ್ಕಿ ಎಲ್ಲ ಹಡಗಿನಲ್ಲಿ ಬರಬೇಕು ಅಂತ ಅವನೇ ಹೇಳಿದ. ಇವಕ್ಕೆಲ್ಲ ಭಾರತ ಸರ್ಕಾರ 1981ರ ಒಪ್ಪಂದದ ಪ್ರಕಾರ ವರ್ಷವರ್ಷ ಕೋಟಾ ಕೊಡುತ್ತೆ. "ಹಂಗಾದ್ರೆ ಇದು ನಮ್ ಈರುಳ್ಳಿನೇ" ಅಂತ ಅತ್ತೆ ಎರಡನೇ ಸಲ ಸಾರು ಹಾಕಿಸಿಕೊಂಡರು.

ನನ್ನ 47 ಸಾವಿರ ಕೆಲಸ ಮಾಡ್ತಿತ್ತು. ಮೊದಲ ದಿನ "ಇದಕ್ಕೆಷ್ಟು?" ಎಂಟು ಸಲ ಬಂತು, ಎರಡನೇ ದಿನ ಎರಡು ಸಲ. ಮೂರನೇ ದಿನ ಮಾತೇ ತಿರುಗಿತು: "ಕಟ್ಟಿದ್ದೀವಲ್ಲ, ಬಿಡೋದ್ಯಾಕೆ?" ಹನ್ನೊಂದು ಗಂಟೆಗೊಂದು ಕಾಫಿ, ನಾಲ್ಕಕ್ಕೊಂದು, ಐಸ್‌ಕ್ರೀಮು ರಾತ್ರಿ. ನಮ್ಮನೆಯವರ ಬಿಯರು ಎರಡಕ್ಕೇ ನಿಂತಿತು, ಅಮ್ಮ ಎದುರಿಗಿದ್ದರಲ್ಲ. ಸಂಜೆ ಮರಳಿನ ಮೇಲೆ ಕುರ್ಚಿ ಹಾಕಿಕೊಂಡು ಅತ್ತೆ ತೆಂಗಿನ ಮರ ಎಣಿಸ್ತಿದ್ದರು. "ಇಷ್ಟು ಮರ ಇಟ್ಕೊಂಡು ಒಂದರಲ್ಲೂ ಎಳನೀರು ಬಿಟ್ಟಿಲ್ಲ, ಏನು ಜನ!" ಅತಿಥಿಗಳ ತಲೆ ಮೇಲೆ ಬೀಳಬಾರದು ಅಂತ ಮೊದಲೇ ಕೀಳಿಸಿಬಿಡ್ತಾರೆ. ಆ ಕುಂದಾಪುರದ ಹುಡುಗ ಕೇಳಿಸಿಕೊಂಡು ಬಾರಿನಿಂದ ಒಂದು ತರಿಸಿಕೊಟ್ಟ. ಜೊತೆಗೆ ಚೀಟಿ ಬಂತು, ನಮ್ಮನೆಯವರು ಸಹಿ ಹಾಕಿದರು. ಕನ್ನಡಕ ರೂಮಿನಲ್ಲಿತ್ತು. ದಿನಾ ಸಂಜೆ ಹೀಗೇ, ನಾಲ್ಕು ಸಂಜೆ.

ಹೊರಡೋ ಬೆಳಗ್ಗೆ ಕೌಂಟರಿನಲ್ಲಿ ಒಂದು ಹಾಳೆ ಕೊಟ್ಟರು. ಫ್ರೆಶ್ ಕೋಕನಟ್, ನಾಲ್ಕು, ಒಂದಕ್ಕೆ 9 ಡಾಲರ್, ಪ್ಲಸ್ ಪ್ಲಸ್. ಒಟ್ಟು 45 ಡಾಲರ್ 94 ಸೆಂಟ್. ನಾಲ್ಕು ಎಳನೀರಿಗೆ ನಾಲ್ಕು ಸಾವಿರ ರೂಪಾಯಿ. ಹದಿನಾಲ್ಕು ಪ್ರಶ್ನೆ ಕೇಳಿದವಳು ನಾನು, ಹಣ್ಣಿನ ರಸದ ವಿಷಯಾನೂ ಕೇಳಿದ್ದೆ. ತೆಂಗಿನ ತೋಪಿನ ನಡುವೆ ಕೂತು ಎಳನೀರಿಗೆ ದುಡ್ಡಾ ಅಂತ ಕೇಳಬೇಕು ಅನ್ನೋದು ಮದ್ದೂರಿನ ಸೊಸೆಗೆ ಹೊಳೆಯಲೇ ಇಲ್ಲ.

ನಮ್ಮನೆಯವರು ಹಾಳೆ ನೋಡಿ ಸಮುದ್ರದ ಕಡೆ ತಿರುಗಿದರು. ನಾನು ಮೆಲ್ಲಗೆ ಕಾರ್ಡು ತೆಗೆದೆ.

"ಏನೇ ಅದು ಬಿಲ್ಲು?" ಹಿಂದಿನ ಸೋಫಾದಿಂದ ಅತ್ತೆ.

"ಏನಿಲ್ಲ ಅತ್ತೆ. ಗ್ರೀನ್ ಟ್ಯಾಕ್ಸು."

"ಅದನ್ನ ಮೈಸೂರಲ್ಲೇ ಕಟ್ಟಾಯ್ತು ಅಂದಿದ್ದೆಯಲ್ಲೇ?"